ಡ್ರೈವರಣ್ಣನ ಹಾಸಿಗೆಯ ಪಕ್ಕ

“ಸಿಸ್ಟರ್, ನಾನು ಸಾಯ್ತೀನಾ?”

ತರಬೇತಿ ಕೋಣೆಯ ಮಂಚದ ಮೇಲೆ ಕತ್ತಿನವರೆಗೂ ಹೊದ್ದು, ರೋಗಿಯ ಪಾತ್ರದಲ್ಲಿ ಮಲಗಿದ್ದ ದೊಡ್ಡ ಸಿಸ್ಟರ್ ಕೇಳಿದರು. ಸುತ್ತ ನಿಂತ ಹೊಸ ನರ್ಸುಗಳು ಮುಖ ಮುಖ ನೋಡಿಕೊಂಡರು. ಎಲ್ಲರಿಗಿಂತ ಕುಳ್ಳಗಿದ್ದು, ಗುಬ್ಬಿ ಎಂದೇ ಕರೆಸಿಕೊಳ್ಳುತ್ತಿದ್ದ ಹುಡುಗಿ ಧೈರ್ಯ ಮಾಡಿ, “ಛೇ, ಏನೂ ಆಗಲ್ಲ ಅಜ್ಜಿ, ನಾಳೆ ಎದ್ದು ಓಡಾಡ್ತೀರ” ಎಂದಳು.

ದೊಡ್ಡ ಸಿಸ್ಟರ್ ಎದ್ದು ಕೂತರು. “ಅಜ್ಜಿ ಅಂದಿದ್ದನ್ನ ಕ್ಷಮಿಸ್ತೀನಿ, ನಾಳೆ ಓಡಾಡ್ತೀರ ಅಂದಿದ್ದನ್ನಲ್ಲ. ಇನ್ಮೇಲೆ ಆ ರೋಗಿ ನಿನ್ನ ಹತ್ರ ಬಾಯೇ ಬಿಡಲ್ಲ.”

“ಮತ್ತೇನು ಹೇಳ್ಬೇಕು ಮೇಡಂ?”

“ಮೊದಲು ಕುರ್ಚಿ ಎಳ್ಕೊಂಡು ಕೂತ್ಕೋ. ಹೊರಡೋ ಹಾಗೆ ನಿಂತಿರೋರ ಹತ್ರ ಯಾರು ಮಾತಾಡ್ತಾರೆ?”

ಮೂವತ್ತೊಂದು ವರ್ಷ ಕೊನೆಗಾಲದ ರೋಗಿಗಳ ವಾರ್ಡಿನಲ್ಲಿ ದುಡಿದ ಹೆಂಗಸು. ಇನ್ನೆರಡು ದಿನ ಬದುಕುವವರ ಉಗುರು ಕತ್ತರಿಸುವಾಗಲೂ ಅವಸರ ಮಾಡಿದವರಲ್ಲ.

ಮುಂದಿನ ವಾರ ಗುಬ್ಬಿಯನ್ನು ಆ ವಾರ್ಡಿಗೇ ಹಾಕಿದರು. ಕಿಟಕಿ ಪಕ್ಕದ ಹಾಸಿಗೆಯಲ್ಲಿ ಒಬ್ಬ ಬಸ್ ಡ್ರೈವರ್. ಕ್ಯಾನ್ಸರ್ ಮೈಯೆಲ್ಲ ಹರಡಿತ್ತು. ಎಲ್ಲರಿಗೂ ಆತ ಡ್ರೈವರಣ್ಣ. ಹೆಂಡತಿ ಮೊದಲ ದಿನವೇ ಗುಬ್ಬಿಯನ್ನು ಬಾಗಿಲಾಚೆ ಕರೆದು, “ಅವರಿಗೆ ಅಲ್ಸರ್ ಅಂತ ಹೇಳಿದ್ದೀವಿ ಕಣಮ್ಮ, ನಿನಗೆ ಕೈ ಮುಗೀತೀನಿ” ಎಂದಿದ್ದಳು.

ಒಂದು ಬೆಳಗ್ಗೆ ಆಕೆ ಚಹಾ ತರಲು ಹೋಗಿದ್ದಾಗ ಡ್ರೈವರಣ್ಣ ಕೇಳಿದ: “ಗುಬ್ಬಿ, ಇದು ಅಲ್ಸರ್ ಅಲ್ಲ, ಅಲ್ವಾ?”

ಸುಳ್ಳು ಅವಳ ನಾಲಗೆ ತುದಿಗೇ ಬಂತು. ಬಾಗಿಲ ಕಡೆ ನೋಡಿದಳು. ದೊಡ್ಡ ಸಿಸ್ಟರ್ ಅಲ್ಲೇ ಇದ್ದರು, ಒಳಗೆ ಬರಲಿಲ್ಲ. ಗುಬ್ಬಿ ಕುರ್ಚಿ ಎಳೆದುಕೊಂಡು ಕೂತಳು.

“ನಿಮಗೇನು ಅನ್ಸುತ್ತೆ ಡ್ರೈವರಣ್ಣ?”

“ಮೂವತ್ತು ವರ್ಷ ಬಸ್ ಓಡಿಸಿದೀನಿ. ನಾನಿಳಿಯೋ ಸ್ಟಾಪ್ ನನಗೆ ಗೊತ್ತಾಗಲ್ವಾ?”

ಗುಬ್ಬಿ ಹೌದೆಂಬಂತೆ ಆತನ ಕೈ ಹಿಡಿದುಕೊಂಡಳು.

“ನನ್ನ ಹೆಂಡ್ತಿಗೆ ಮಾತ್ರ ಹೇಳ್ಬೇಡ. ಪಾಪ, ತಡ್ಕೊಳ್ಳಲ್ಲ.”

ಅಳಬೇಕೋ ನಗಬೇಕೋ ಅವಳಿಗೆ ತಿಳಿಯಲಿಲ್ಲ. “ಅದನ್ನ ನೀವಿಬ್ಬರೇ ಮಾತಾಡ್ಕೊಳ್ಳಿ. ನಾನು ಅವರನ್ನ ಕರೀಲಾ?”

ಆತ ಹೂಂ ಎಂದು ತಲೆಯಾಡಿಸಿದ. ಹೆಂಡತಿ ಒಳಗೆ ಬಂದ ಮೇಲೆ ಗುಬ್ಬಿ ಹಾಸಿಗೆಯ ಸುತ್ತ ಪರದೆ ಎಳೆದು ಹೊರಗೆ ನಿಂತಳು.

ಪರದೆಯೊಳಗಿಂದ ಮೊದಲು ಬಿಕ್ಕು ಕೇಳಿತು. ಆಮೇಲೆ ಆತನ ಸಣ್ಣ ದನಿ. ಅದಾದ ಮೇಲೆ ಹೆಂಡತಿಯ ಅಳು ಬೆರೆತ ನಗು: “ನಾಟಕ ಆಡೋದ್ರಲ್ಲಿ ನೀವೇ ಮೇಲು ಬಿಡಿ!”

ನಾಲ್ಕನೇ ದಿನ ಮಧ್ಯಾಹ್ನ, ಹೆಂಡತಿಯ ಕೈ ಹಿಡಿದೇ ಡ್ರೈವರಣ್ಣ ತೀರಿಕೊಂಡ. ಗುಬ್ಬಿ ಬಟ್ಟೆ ಒಗೆಯುವ ಕೋಣೆಗೆ ಹೋಗಿ ಅತ್ತಳು. ದೊಡ್ಡ ಸಿಸ್ಟರ್ ಅಳಬೇಡ ಎನ್ನಲಿಲ್ಲ. ಅವಳು ಮುಖ ತೊಳೆಯುವವರೆಗೂ ಕಾದು, “ಬಾ, ಅವರ ಮೈ ತೊಳೆಯೋಣ” ಎಂದರು.

ಹಾಸಿಗೆಯ ಬಳಿ ಅವರು ಬಗ್ಗಿ, ಆತನ ಕಿವಿಯ ಹತ್ತಿರ, “ಡ್ರೈವರಣ್ಣ, ಈಗ ನಿಮ್ಮನ್ನ ಎಡಕ್ಕೆ ತಿರುಗಿಸ್ತೀವಿ” ಎಂದರು.

“ಅವರಿಗೆ ಕೇಳ್ಸುತ್ತಾ ಮೇಡಂ?”

“ನಿನ್ನೆವರೆಗೂ ಹೇಳದೆ ಮುಟ್ಟಿಲ್ಲ. ಇವತ್ತು ಯಾಕೆ ಮುಟ್ಟೋಣ?”

ಗುಬ್ಬಿ ಬಟ್ಟೆ ಅದ್ದಿ ಹಿಂಡಿ, ತನ್ನ ಮಣಿಕಟ್ಟಿಗೆ ಒತ್ತಿ ನೋಡಿದಳು. “ನೀರು ಬೆಚ್ಚಗಿದೆ ಡ್ರೈವರಣ್ಣ” ಎಂದು ಆತನ ಬಲಗೈ ಎತ್ತಿಕೊಂಡು, ಬೆರಳ ಸಂದಿಗಳನ್ನು ಒಂದೊಂದಾಗಿ ಒರೆಸತೊಡಗಿದಳು.