ನಿಮ್ಮ ಮಗಳು ಅಂತ ತಿಳ್ಕಳ್ರಿ

ಹೆಗಲಿಗೇರಿಸಿದ್ದ ಚಟ್ಟವನ್ನು ನಾಲ್ವರೂ ಮತ್ತೆ ಕೆಳಗಿಳಿಸಿದರು. ಬಾಗೂರಿನ ಆ ಓಣಿಗೆ ಬಿಳಿ ಕಾರೊಂದು ತಿರುಗಿತ್ತು.

"ಎತ್ತಿದ ಹೆಣ ಇಳಿಸ್ಬಾರ್ದು ಕಣ್ಲೇ," ಎಂದು ಹಿರಿಯ ದಾಸಣ್ಣ ಗೊಣಗಿದ.

"ಸುಮ್ಕಿರು ಮಾವ. ಯೂನಿವರ್ಸಿಟಿ ಸಾಹೇಬ್ರು, ನಮ್ ದೇವಿಕಾನ ಗೈಡು," ಎಂದ ಬೀರೇಶ್, ಸತ್ತ ಚಿತ್ರಲಿಂಗಪ್ಪನ ತಮ್ಮ. "ಅವ್ರ ಸಹಿ ಬಿದ್ರೆ ನಮ್ ಹುಡುಗಿ ಡಾಕ್ಟ್ರು."

ಯಾವ ಡಾಕ್ಟರು ಎಂದು ಕೇಳಿದ್ದರೆ ಬೀರೇಶ್ ತಡವರಿಸುತ್ತಿದ್ದ. ಆದರೆ ಕುರಿ ಕಾಯ್ದವನ ಸಾವಿಗೆ ಪ್ರೊಫೆಸರು ಕಾರಿನಲ್ಲಿ ಬಂದರೆ ಊರಿಗೆ ಊರೇ ದಾರಿ ಬಿಡುತ್ತದೆ. ಬಿಟ್ಟಿತು. ಶಿವಕುಮಾರಪ್ಪ ಇಳಿದು ಬಂದು ದೊಡ್ಡ ಹಾರ ಹಾಕಿ ಕೈಮುಗಿದರು.

ಅಮ್ಮನ ಪಕ್ಕದಲ್ಲಿ ಕೂತಿದ್ದ ದೇವಿಕಾ ಎದ್ದು ನಿಂತಳು. ಗೌರವವಲ್ಲ, ಅವರನ್ನು ಕಂಡರೆ ಕಾಲು ತಾನಾಗಿಯೇ ಎದ್ದುಬಿಡುತ್ತಿತ್ತು. ಅಪ್ಪನ ಹೆಣದ ಮುಂದೆಯೂ ಈ ಮನುಷ್ಯನಿಗೆ ಹೆದರುತ್ತಿದ್ದೇನಲ್ಲ ಎಂದು ತನ್ನ ಮೇಲೇ ಅಸಹ್ಯವಾಯಿತು.

"ಬುಧವಾರ ಡಿಪಾರ್ಟ್‌ಮೆಂಟಲ್ಲಿರಬೇಕು," ಎಂದರು ಅವರು ತಗ್ಗಿದ ದನಿಯಲ್ಲಿ. "ನನ್ನ ಸೆಮಿನಾರ್ ಪೇಪರ್ ಇನ್ನೂ ನೀನು ಬರೆದಿಲ್ಲ."

"ತಿಥಿ ಆಗೋವರೆಗೆ ಸಾರ್..."

"ಅಳೋಕೆ ಮನೇಲಿ ಬೇರೆಯವರಿಲ್ಲವಾ? ನಿನ್ನ ಥೀಸಿಸ್‌ಗೆ ಸಹಿ ಹಾಕೋದು ನಾನು, ನೆನಪಿರಲಿ."

ಪಕ್ಕದಲ್ಲೇ ಕೂತಿದ್ದ ಅವಳ ಅಮ್ಮ ಬರಗೇರಮ್ಮ ತಲೆಯೆತ್ತಿ ನೋಡಿದಳು. ಅಷ್ಟರಲ್ಲಿ ಚಟ್ಟ ಮತ್ತೆ ಹೆಗಲಿಗೇರಿತು.

*

ಮಗಳನ್ನು ಪಿಎಚ್‌ಡಿಗೆ ಸೇರಿಸುವ ದಿನ ಚಿತ್ರಲಿಂಗಪ್ಪ ಮಂದೆಯನ್ನು ತಮ್ಮನಿಗೆ ಒಪ್ಪಿಸಿ, ಒಗೆದ ಪಂಚೆ ಉಟ್ಟು ಅವಳ ಜೊತೆ ಬಸ್ಸು ಹತ್ತಿದ್ದ. ಯಾರ ಮೇಲೂ ಕೈ ಎತ್ತಿದವನಲ್ಲ. ಹಾಯುವ ಟಗರಿಗೂ ಗದರಿಕೆಯೇ ಶಿಕ್ಷೆ. ಆದರೂ ಪ್ರೊಫೆಸರರ ಮುಂದೆ ನಿಂತಾಗ, ಊರಿನ ಅಪ್ಪಂದಿರೆಲ್ಲ ಮೇಷ್ಟ್ರಿಗೆ ಹೇಳುವುದನ್ನೇ ಹೇಳಿದ.

"ನಿಮ್ಮ ಮಗಳು ಅಂತ ತಿಳ್ಕಳ್ರಿ ಸಾರ್. ಹೊಡೀರಿ, ಬಡೀರಿ. ವಿದ್ಯೆ ಒಂದು ಕೊಡ್ರಿ."

ಹೇಳುವವರಿಗೆ ಅದು ನಮಸ್ಕಾರದಷ್ಟೇ ಮಾಮೂಲು. ಶಿವಕುಮಾರಪ್ಪ ಅದನ್ನು ಬರೆಸಿಕೊಂಡ ಕ್ರಯಪತ್ರದಂತೆ ಇಟ್ಟುಕೊಂಡರು. ಅವಳು ಬರೆದ ಅಧ್ಯಾಯವನ್ನು ನೆಲಕ್ಕೆಸೆದು ಹೆಕ್ಕಿಸುವಾಗ, ಸಂಜೆಯವರೆಗೆ ಬಾಗಿಲ ಹೊರಗೆ ನಿಲ್ಲಿಸುವಾಗ, "ನಿಮ್ಮಪ್ಪನೇ ಹೇಳಿದ್ದಾನಲ್ಲ" ಎನ್ನುತ್ತಿದ್ದರು. ಒಮ್ಮೆ ಅವಳು ಫೋನಿನಲ್ಲಿ, "ಸಾರ್ ತುಂಬ ಬೈತಾರಪ್ಪ" ಎಂದಳು.

ಚಿತ್ರಲಿಂಗಪ್ಪ ನಕ್ಕ. "ಬೈದು ಹೇಳೋರು ಬದುಕಾಕೆ ಹೇಳ್ತಾರೆ, ನಕ್ಕು ಹೇಳೋರು ಕೆಡಾಕೆ ಹೇಳ್ತಾರೆ ಕಣವ್ವ."

ಮಂದೆ ನಿಲ್ಲಿಸಿದ ಹೊಲದಲ್ಲೆಲ್ಲ ಅವನು ಮಗಳ ಗೈಡಿನ ದೊಡ್ಡಸ್ತಿಕೆ ಹೇಳಿಕೊಂಡು ಬರುತ್ತಿದ್ದ. ಅದು ಗೊತ್ತಿದ್ದ ಮೇಲೆ ಅವಳು ಮತ್ತೆ ಬಾಯಿ ಬಿಡಲಿಲ್ಲ. ಅಪ್ಪನ ಮೇಲೆ ಸಿಟ್ಟೂ ಇತ್ತು. ಈಗ ಆ ಸಿಟ್ಟನ್ನು ಯಾರ ಮುಂದೆ ತೀರಿಸಿಕೊಳ್ಳುವುದು?

*

ಹೊಲದಲ್ಲಿ ತೋಡಿದ ಗುಂಡಿಗೆ ಒಬ್ಬೊಬ್ಬರೇ ಹಿಡಿಮಣ್ಣು ಹಾಕತೊಡಗಿದರು. ಬೀರೇಶ್ ಜನರನ್ನು ಸರಿಸಿ, "ಬರ್ರಿ ಸಾರ್, ಮುಂದೆ ಬರ್ರಿ" ಎಂದ. ಶಿವಕುಮಾರಪ್ಪ ಮುಷ್ಟಿ ತುಂಬ ಮಣ್ಣು ತೆಗೆದುಕೊಂಡರು. ನಾಲ್ಕು ಜನ ಕಂಡಲ್ಲಿ ಭಾಷಣ ಮಾಡಿ ರೂಢಿಯಾದವರು, ಇಲ್ಲೂ ತಿರುಗಿ ನಿಂತರು.

"ದೊಡ್ಡ ಮನುಷ್ಯ. ನನ್ನ ಕೈಹಿಡಿದು, ನಿಮ್ಮ ಮಗಳು ಅಂತ ತಿಳ್ಕಳ್ರಿ, ಹೊಡೀರಿ ಬಡೀರಿ ಅಂದ. ಆ ಮಾತನ್ನ ಇವತ್ತಿಗೂ ನಡೆಸ್ಕೊಂಡು ಬಂದಿದ್ದೀನಿ."

ಜನ ತಲೆದೂಗಿದರು. ಬರಗೇರಮ್ಮ ಮಾತ್ರ ಮಗಳ ಮುಖವನ್ನೇ ನೋಡುತ್ತಿದ್ದಳು.

"ಹೊಡದವ್ರಾ ನಿನ್ನ?"

"ಇಲ್ಲವ್ವ."

"ಮತ್ತೆ ಯಾಕಂಗೆ ನಡುಗ್ತೀಯ?"

ಹೇಳಿದರೆ ಸಹಿ ಹೋಯಿತು. ಇಷ್ಟು ವರ್ಷದ ಓದು ಹೋಯಿತು. ಬೀರೇಶ್ ಕಣ್ಣಲ್ಲೇ ಬೇಡವೆಂದ. ದೇವಿಕಾ ಗುಂಡಿಯೊಳಗೆ ಒಮ್ಮೆ ನೋಡಿದಳು.

"ನಾನು ಒಳಗೋದ್ರೆ ಎಲ್ಲರ ಮುಂದೆ ಕಿಟಕಿ ತೆಗಿಸ್ತಾರೆ. ಕುರಿ ವಾಸನೆ ಬಂತು ಅಂತಾರೆ. ಎಲ್ರೂ ನಗ್ತಾರೆ. ನಾನು ದಿನಾ ಎರಡೆರಡು ಸಲ ನೀರು ಹಾಕ್ಕಂಡು ಹೋಗ್ತೀನವ್ವ."

ಅಲ್ಲಿ ನಿಂತವರಲ್ಲಿ ಕುರಿಹಟ್ಟಿಯಲ್ಲಿ ಮಲಗದವರು ಕಡಿಮೆ.

"ಅದು ತಮಾಷೆ," ಎಂದರು ಶಿವಕುಮಾರಪ್ಪ. "ಸ್ವಲ್ಪ ಶಿಸ್ತು ಬರಲಿ ಅಂತ."

"ನಾನು ನಕ್ಕಿದ್ದು ಒಂದಿನನಾದ್ರೂ ನೋಡಿದೀರಾ ಸಾರ್?" ದೇವಿಕಾಳ ದನಿ ಒಡೆಯಿತು, ಆದರೆ ನಿಲ್ಲಲಿಲ್ಲ. "ಯೂನಿವರ್ಸಿಟಿ ದೂರಿನ ಕಮಿಟಿ ಮುಂದೆ ಇದನ್ನೇ ಹೇಳ್ತೀನಿ."

"ಇಲ್ಲಿ ಇದೆಲ್ಲ ಬೇಡ," ಎನ್ನುತ್ತ ಅವರು ಗುಂಡಿಯತ್ತ ಬಾಗಿದರು. ಬರಗೇರಮ್ಮ ನಡುವೆ ಬಂದು ನಿಂತಳು.

"ನಮ್ ಯಜಮಾನ್ರು ನಂಬಿ ಆಡಿದ ಮಾತು ಸ್ವಾಮಿ ಅದು. ಅವ್ರ ಜೊತೆಗೇ ಮಣ್ಣು ಮಾಡ್ತೀವಿ. ಇವ್ಳು ನನ್ ಮಗಳು."

ಶಿವಕುಮಾರಪ್ಪ ಬೀರೇಶನ ಕಡೆ ನೋಡಿದರು. ಬೀರೇಶ್ ತಲೆ ತಗ್ಗಿಸಿ, ಹೋಗಿ ಅತ್ತಿಗೆಯ ಪಕ್ಕ ನಿಂತ. ದಾಸಣ್ಣ ಆಚೆ ಬದಿಯಿಂದ ಸುತ್ತಿ ಬಂದು ತನ್ನ ಹಿಡಿಮಣ್ಣು ಹಾಕಿದ. ಉಳಿದವರೂ ಹಾಗೆಯೇ ಸುತ್ತಿ ಬಂದು ಹಾಕಿದರು. ನಡುವೆ ಒಬ್ಬರೇ ಉಳಿದ ಶಿವಕುಮಾರಪ್ಪನವರ ಮುಷ್ಟಿಯಿಂದ ಕೆಂಪು ಮಣ್ಣು ಸೋರಿ, ಅವರ ಪಾದದ ಮೇಲೆಯೇ ಬೀಳುತ್ತಿತ್ತು.