ಮೂಟೆಗೆ ಬದಲು ಮಂದಿ

“ಲೇ ಭೀಮ್ಯಾ, ತಲಿ ಕೆಟ್ಟೈತೇನಲೇ? ಮರಳಿನ ಮೂಟಿ ಹಾಕಿ ದೋಣಿ ಆ ದಡ ಮುಟ್ಟಿಸಿದ್ರ ಮುಗೀತು. ಮಂದಿ ಯಾಕ ಬೇಕು?”

“ಹೊಳಿ ಬಂದಾಗ ನಿನ್ನ ಮೂಟಿ ಕಾಪಾಡ್ರೋ ಅಂತ ಒದರ್ತಾವೇನು? ಮಂದೀನ ಕುಂದ್ರಬೇಕು!”

ಸಿರುಗುಪ್ಪದ ಹೊಳೆದಂಡೆಯಲ್ಲಿ ಭೀಮರಾಜನೂ ಗಾದಿಲಿಂಗಪ್ಪನೂ ಕೋಳಿಗಳ ಹಾಗೆ ಕಚ್ಚಾಡುತ್ತಿದ್ದರು. ಇಬ್ಬರೂ ಬಳ್ಳಾರಿಯ ಒಂದೇ ಶೆಡ್ಡಿನಲ್ಲಿ ಫೈಬರಿನ ನೀರಿನ ಟ್ಯಾಂಕು ಮಾಡುವವರು. ಈ ಸಲ ದೋಣಿಗೆ ಕೈ ಹಾಕಿದ್ದರು. ಇವತ್ತು ಹೊಳೆಯಲ್ಲಿ ನಡೆಯುವ ಪರೀಕ್ಷೆಯಲ್ಲಿ ಅದು ಪಾಸಾದರೆ ನೆರೆ ರಕ್ಷಣಾ ತಂಡದವರು ಇವರಿಂದಲೇ ದೋಣಿ ಕೊಳ್ಳುತ್ತಾರೆ. ಇಲ್ಲದಿದ್ದರೆ ಮತ್ತೆ ಟ್ಯಾಂಕೇ ಗತಿ. ಡ್ಯಾಮಿನಿಂದ ನೀರು ಬಿಟ್ಟಿದ್ದರಿಂದ ತುಂಗಭದ್ರೆ ಕೆಂಪಗೆ ಕುದಿಯುತ್ತಿದ್ದಳು.

ತಂಡದ ಮುಖ್ಯಸ್ಥೆ ಶೈಲಜಾ ಮೇಡಂ, ಭೀಮರಾಜನ ಮಾತೇ ಸರಿ ಎಂದರು. ಎಲ್ಲರಿಗೂ ಲೈಫ್ ಜಾಕೆಟ್ ತೊಡಿಸಿ, ದೋಣಿಗೆ ದಡದಿಂದ ಹಗ್ಗ ಬಿಗಿಸಿದರು. ಈಜು ಬಲ್ಲ ಸಿರಿಗೇರಿಯ ಆರು ಮಂದಿ ನಗುನಗುತ್ತ ಹತ್ತಿದರು. ಭೀಮರಾಜ ಮೋಟಾರು ಹಿಡಿದ.

ನಡುಹೊಳೆಯಲ್ಲಿ ದೋಣಿ ಎಮ್ಮೆಯ ಹಾಗೆ ತಲೆಯೆತ್ತಿ ಅಲೆ ಸೀಳುತ್ತ ನಡೆಯಿತು. ಭೀಮರಾಜನ ಎದೆ ಉಬ್ಬಿತು. ಅಷ್ಟರಲ್ಲಿ ಬಲದಂಡೆಯ ಗುಡಿಯ ಶಿಖರ ಕಂಡಿತು. ಹುಟ್ಟಿದಾಗಿನ ರೂಢಿ, ಬಿಟ್ಟೀತೇ? “ಶಿವಶಿವಾ” ಎಂದು ಆರೂ ಮಂದಿ ಒಮ್ಮೆಗೇ ಬಲಕ್ಕೆ ವಾಲಿ ಕೈಮುಗಿದರು. ಭೀಮರಾಜನೂ ಮೋಟಾರು ಬಿಟ್ಟು ಕೈಮುಗಿದ. ದೋಣಿ ಬೋರಲು ಬಿತ್ತು.

ಹಗ್ಗ ಎಳೆದು ದಡಕ್ಕೆ ತಂದಾಗ ಎಲ್ಲರೂ ಕೆಮ್ಮುತ್ತ ನಗುತ್ತಿದ್ದರು. “ಕೈಮುಗಿದಿದ್ದಕ್ಕ ದೇವರು ಕರಕಂಡೇ ಬಿಟ್ಟಿದ್ದ ನೋಡ್ರಿ!” ಎಂದ ಅವರಲ್ಲೊಬ್ಬ ಎರ್ರಣ್ಣ.

“ದೋಣಿ ಫೇಲು,” ಎಂದರು ಮೇಡಂ, ನಗು ತಡೆಯಲಾರದೆ.

ಗಾದಿಲಿಂಗಪ್ಪ ಸಿಡಿದ. “ದೋಣಿದು ತಪ್ಪಿಲ್ರಿ ಮೇಡಂ! ಕೈಮುಗೀಬ್ಯಾಡ್ರಿ ಅಂತ ಒಂದು ಬೋರ್ಡ್ ಬರಸ್ತೀನಿ.”

“ಮುಳುಗೋ ಮಂದಿಗೆ ದೇವರನ್ನ ನೆನೀಬ್ಯಾಡ ಅಂತೀರೇನ್ರಿ? ಇನ್ನೂ ಅಗಲ ಮಾಡ್ಕೊಂಡು ಬರ್ರಿ, ಮತ್ತೊಮ್ಮೆ ನೋಡೋಣ.”

ಅಂಗಿ ಹಿಂಡುತ್ತ ಭೀಮರಾಜ ಅಂದ: “ಮೇಡಂ ಅಂದದ್ದು ಖರೇ ಅದಲೇ ಗಾದಿ. ಹೊಸಾ ಅಚ್ಚು ತೆಗಿಯೋಣು.”

“ಹೊಸಾ ಅಚ್ಚಾ? ಫೈಬರ್ ತುರಿಕಿಗೆ ಮೈಯೆಲ್ಲಾ ಕೆರಕಂಡು ಸತ್ತೀನಿ! ನಿನ್ನ ಭಕ್ತರಿಗೆ ನೀನ ಮಾಡ್ಕೋ. ನಾ ನಮ್ಮೂರು ಕುರುಗೋಡಿನಾಗ ಟ್ಯಾಂಕ್ ಮಾಡ್ಕಂಡು ಇರ್ತೀನಿ.”

ಅವನು ದಂಡೆ ಏರಿ ಬೈಕಿಗೆ ಕಿಕ್ ಹೊಡೆದ.

“ಮಿರ್ಚಿ ಮಂಡಕ್ಕಿ ತರಸೀವಿ, ತಿಂದರ ಹೋಗಲೇ!” ಎಂದು ಭೀಮರಾಜ ಕೂಗಿದ.

ಗಾದಿಲಿಂಗಪ್ಪ ತಿರುಗಿಯೂ ನೋಡಲಿಲ್ಲ. ಆಮೇಲೆ ಶೆಡ್ಡಿನ ಕಡೆ ಸುಳಿಯಲೂ ಇಲ್ಲ.