ಸ್ಪೀಕರ್ ಅಳೆದ ಶುಕ್ರವಾರ

ರಾಜಗೋಪಾಲ ಸ್ಪೀಕರಿನ ಎದುರು ಕೂತು ಒಂದು ಹಾಡನ್ನು ಪೂರ್ತಿ ಕೇಳಿದ. ಚಹಾದ ಲೋಟ ಕೆಳಗಿಟ್ಟು ಹೇಳಿದ: “ತಬಲಾದವನು ಕೊಡದೊಳಗೆ ಕೂತು ಬಾರಿಸ್ದಂಗಿದೆ ಪ್ರಭುಗಳೇ. ಇರ್ಲಿ ಬಿಡಿ, ನಿಮಗೆ ಸಾಕು.”

‘ನಿಮಗೆ ಸಾಕು’ ಎಂದದ್ದು ಬಸವಪ್ರಭುವಿಗೆ ಚುಚ್ಚಿತು. ರಾಜಗೋಪಾಲ ಮೈಸೂರಿನವನು, ಬ್ಯಾಂಕಿನಲ್ಲಿದ್ದಾನೆ, ಸಂಗೀತ ತನ್ನ ಮನೆಯ ಸ್ವತ್ತು ಎನ್ನುವ ಹಾಗೆ ಮಾತಾಡುತ್ತಾನೆ. ಬಸವಪ್ರಭು ಸವಣೂರಿನ ಕಡೆಯವನು. ಐಟಿಐ ಮುಗಿಸಿ ಕೊಲ್ಲಿ ದೇಶಕ್ಕೆ ಬಂದವನು ಇವತ್ತು ಖುರುಮ್‌ನ ಒಂದು ಹೋಟೆಲಿನ ಎ.ಸಿ. ವಿಭಾಗದ ಸೂಪರ್‌ವೈಸರ್. ಕಪಾಟಿನ ಮೇಲೆ ಇಡುವಂಥ ಈ ಸಣ್ಣ ಸ್ಪೀಕರ್ ಜೋಡಿಯನ್ನು, ಕೆಲಸ ಬಿಟ್ಟು ಊರಿಗೆ ಹೊರಟ ಗೋವಾದವನೊಬ್ಬನಿಂದ ಆಸೆಪಟ್ಟು ಕೊಂಡಿದ್ದ.

“ಕಿವಿ ಸುಳ್ಳ ಹೇಳತಾವ, ಗ್ರಾಫ್ ಹೇಳಂಗಿಲ್ಲ. ಶುಕ್ರವಾರ ಅಳದು ಕಳಸ್ತೀನಿ. ನೋಡಿ ಮಾತಾಡ್ರಿ” ಎಂದ.

ಸಿಟ್ಟು ಬಂದರೆ ಅವನಿಗೆ ಹಿಂದು ಮುಂದು ಕಾಣುವುದಿಲ್ಲ. ಅಳೆಯಲಿಕ್ಕೆಂದೇ ಇರುವ, ಪೆನ್ನಿನಷ್ಟು ದಪ್ಪದ ಮೈಕನ್ನು ತರಿಸಿದ. ಅದನ್ನು ಕೂತವನ ಕಿವಿಯ ಎತ್ತರಕ್ಕೆ ನಿಲ್ಲಿಸಬೇಕು. ಲ್ಯಾಪ್‌ಟಾಪಿನಿಂದ ಒಂದು ಸದ್ದು ಬಿಡಬೇಕು. ಅದು ನೆಲ ಗುಡುಗುವಷ್ಟು ಕೆಳಗಿನ ಸ್ವರದಿಂದ ಶುರುವಾಗಿ ಶಿಳ್ಳೆಯಂತಾಗಿ ಕೊನೆಗೆ ಕೇಳದಂತಾಗುತ್ತದೆ. ಮೈಕು ಕೇಳಿಸಿಕೊಂಡದ್ದು ಪರದೆಯ ಮೇಲೆ ಒಂದು ಗೆರೆಯಾಗಿ ಮೂಡುತ್ತದೆ. ಗೆರೆ ಸಮತಟ್ಟಾಗಿದ್ದಷ್ಟೂ ಒಳ್ಳೆಯದು. ಉಬ್ಬಿದಲ್ಲಿ ಸ್ಪೀಕರ್ ಗುಂಯ್‌ಗುಡುತ್ತದೆ ಎಂದರ್ಥ.

ಶುಕ್ರವಾರ ಇಲ್ಲಿ ವಾರದ ರಜೆ, ಆದರೆ ಹೆಂಡತಿ ಉಜ್ವಲಾಗೆ ಖುರುಮ್‌ನ ಔಷಧಿ ಅಂಗಡಿಯಲ್ಲಿ ಡ್ಯೂಟಿ ಇತ್ತು. ಮಗಳು ಮಾನಸ, ವಾದಿ ಅದಾಯ್ ಬಡಾವಣೆಯ ಗೆಳತಿಯ ಮನೆಗೆ ಹೋಗಿದ್ದಳು. ವಾದಿ ಕಬೀರ್‌ನಲ್ಲಿದ್ದ ಇವರ ಮನೆಯಲ್ಲಿ ಉಳಿದವರು ಅವನು ಮತ್ತು ಅತ್ತೆ ಗಂಗವ್ವ. ವಿಸಿಟ್ ವೀಸಾದ ಮೇಲೆ ಊರಿಂದ ಬಂದಿದ್ದ ಗಂಗವ್ವ ಮಗಳ ಹಳೆಯ ಸೀರೆಗಳನ್ನು ಸೇರಿಸಿ ಮೊಮ್ಮಗಳಿಗೆಂದು ಕೌದಿ ಹೊಲಿಯುತ್ತಿದ್ದಳು. ಅದು ಮುಗಿಯುವವರೆಗೆ ಇರಬೇಕೆಂಬುದು ಅವಳ ಆಸೆ.

ಮೊದಲ ಸಲ ಅಳೆದಾಗ ಗೆರೆಯ ಕೆಳಸ್ವರದ ತುದಿಯಲ್ಲಿ ಒಂದು ಗೂನು ಕಂಡಿತು. ಅದು ಸ್ಪೀಕರಿನದಲ್ಲ, ಎ.ಸಿ.ಯದು. ಹಾಲ್‌ನದ್ದನ್ನು ಬಂದ್ ಮಾಡಿದರೂ ಹೋಗಲಿಲ್ಲ, ಕೋಣೆಗಳ ಕಂಪ್ರೆಸರ್‌ಗಳೂ ಬಾಲ್ಕನಿಯಲ್ಲೇ ಗುಡುಗುತ್ತಿದ್ದವು. ಕರೆಂಟಿನ ಬೋರ್ಡಿನಲ್ಲಿ ಎಲ್ಲ ಎ.ಸಿ.ಗಳ ಸ್ವಿಚ್ಚನ್ನೂ ಒಟ್ಟಿಗೆ ಇಳಿಸಿದ. ರಸ್ತೆಯ ಸದ್ದು ಬಾರದಂತೆ ಕಿಟಕಿಗಳನ್ನು ಬಿಗಿದ. ಜುಲೈ ತಿಂಗಳು. ಮನೆ ಮೇಲಿನ ಮಹಡಿಯಲ್ಲಿ. ಎ.ಸಿ. ನಿಂತ ಕೋಣೆ ಎಷ್ಟು ಬೇಗ ಕಾಯುತ್ತದೆ ಎಂದು ಹೋಟೆಲಿನ ಹುಡುಗರಿಗೆ ಪಾಠ ಹೇಳುವವನೇ ಅವನು.

ಅತ್ತೆಯ ಕೋಣೆಯ ಬಾಗಿಲಲ್ಲಿ ನಿಂತು ಹೇಳಿದ: “ಅತ್ತಿ, ಹತ್ತ ನಿಮಿಷ. ಫ್ಯಾನ್ ಹಾಕಬ್ಯಾಡ್ರಿ, ಬಾಗಲಾ ತಗೀಬ್ಯಾಡ್ರಿ. ನಾನ ಬಂದ ಹೇಳತೀನಿ.”

“ಪೆಟ್ಟಿಗಿಗೆ ಪರೀಕ್ಷಾ ಏನ್ರಿ ಅಳೇಂದ್ರ?” ಎಂದು ಗಂಗವ್ವ ನಕ್ಕಳು. “ಪಾಸಾಗ್ಲಿ.”

ಬಾಗಿಲು ಮುಚ್ಚಿತು. ಅವನು ಮತ್ತೆ ಸದ್ದು ಬಿಟ್ಟ. ಈಗ ಗೂನು ಹೋಗಿ ನಿಜವಾದ ಉಬ್ಬು ಕಂಡಿತು. ರಾಜಗೋಪಾಲ ಹೇಳಿದ ಕೊಡ ಅದೇ. ಒಪ್ಪುವುದಕ್ಕೆ ಬಸವಪ್ರಭುವಿನ ಮನಸ್ಸು ಬರಲಿಲ್ಲ. ಸ್ಪೀಕರುಗಳನ್ನು ಗೋಡೆಯಿಂದ ಗೇಣು ದೂರಕ್ಕೆ ಎಳೆದ. ಉಬ್ಬು ಸ್ವಲ್ಪ ಇಳಿಯಿತು. ಇನ್ನೂ ಎಳೆದ. ಸ್ಪೀಕರಿನ ಬೆನ್ನಿಗೆ ಗಾಳಿ ಹೋಗಲು ಒಂದು ತೂತು ಇರುತ್ತದೆ, ಅದಕ್ಕೆ ಮಾನಸಳ ಕಾಲುಚೀಲ ತುರುಕಿದ. ಪ್ರತಿ ಸಲವೂ ಹೊಸದಾಗಿ ಅಳೆಯಬೇಕು. ಒಮ್ಮೆ ಕೆಳಗೆ ಬೈಕ್ ಹೋಯಿತು, ಕೆಟ್ಟಿತು. ಇನ್ನೊಮ್ಮೆ ಸದ್ದು ಅರ್ಧಕ್ಕೆ ಬಂದಾಗ ಒಳಗಿನಿಂದ ಕೆಮ್ಮು ಕೇಳಿತು.

“ಹತ್ತ ನಿಮಿಷ ಬಾಯಿ ಮುಚ್ಚಕೊಂಡ ಕೂಡಾಕ ಬರಂಗಿಲ್ಲೇನ?” ಎಂದು ಬಾಗಿಲ ಕಡೆ ಒದರಿದ.

ಆಮೇಲೆ ಒಳಗಿನಿಂದ ಏನೂ ಕೇಳಲಿಲ್ಲ.

ಹತ್ತು ನಿಮಿಷ ಯಾವಾಗಲೋ ಮುಗಿದು ಹೋಗಿತ್ತು. ಅವನು ಬನಿಯನ್ ಬಿಚ್ಚಿ ಎಸೆದ. ಫ್ರಿಜ್ಜಿನಿಂದ ತಣ್ಣೀರಿನ ಬಾಟಲಿ ತೆಗೆದು ನಿಂತಲ್ಲೇ ಕುಡಿದ, ಖಾಲಿಯಾದ ಮೇಲೆ ಇನ್ನೊಂದು ತೆಗೆದ. ಕೊನೆಗೆ ಗೆರೆ ಮಲಗಿತು. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಹೊಲದ ಬದುವಿನಂತೆ ನೇರವಾಯಿತು. ಅದರ ಫೋಟೊ ತೆಗೆದು ರಾಜಗೋಪಾಲನಿಗೆ ಕಳಿಸಿದ. ‘ಈಗ ಮಾತಾಡ್ರಿ’ ಎಂದು ಬರೆದ. ಅವನು ನೋಡುತ್ತಾನೋ ಎಂದು ಫೋನು ಹಿಡಿದು ಕಾದ. ಆಮೇಲೆ ಬೋರ್ಡಿನ ಸ್ವಿಚ್ ಏರಿಸಿದ. ಕಂಪ್ರೆಸರ್‌ಗಳು ಗುಡುಗಿದ ಮೇಲೆ ಅವನಿಗೆ ಅತ್ತೆಯ ನೆನಪಾಯಿತು.

ಬಾಗಿಲು ತೆರೆದರೆ ಒಲೆಯ ಬಾಯಿಯಂಥ ಬಿಸಿ ಮುಖಕ್ಕೆ ಬಡಿಯಿತು. ಗಂಗವ್ವ ಮಂಚಕ್ಕೆ ಒರಗಿ ನೆಲದ ಮೇಲೆ ಕೂತಿದ್ದಳು. ಮಡಿಲಲ್ಲಿ ಕೌದಿ, ಪಕ್ಕದಲ್ಲಿ ಖಾಲಿ ಚೊಂಬು. ನೀರು ಬೇಕೆಂದರೆ ಹಾಲ್ ದಾಟಿ ಅಡುಗೆಮನೆಗೆ ಬರಬೇಕಿತ್ತು. ಸೆರಗಿನ ತುದಿಯನ್ನು ಬಾಯೊಳಗೆ ತುರುಕಿಕೊಂಡಿದ್ದಳು. ಮುಖ ಕೆಂಡವಾಗಿತ್ತು, ಮೈಯಲ್ಲಿ ಬೆವರಿರಲಿಲ್ಲ. ಅವನು ಸೆರಗನ್ನು ಮೆಲ್ಲಗೆ ಎಳೆದ.

“ಮುಗೀತೇನ್ರಿ?” ಎಂದಳು. ಹಾಗೆ ಅಂದವಳು ಪಕ್ಕಕ್ಕೆ ವಾಲಿದಳು.

ಒದ್ದೆ ಟವೆಲ್ ಸುತ್ತಿ, ಎತ್ತಿಕೊಂಡು ಕೆಳಗಿಳಿದು, ಕಾರಿನಲ್ಲಿ ಹತ್ತಿರದ ಕ್ಲಿನಿಕ್ಕಿಗೆ ಓಡಿಸಿದ. ಡ್ರಿಪ್ ಹಾಕಿದರು. ವಯಸ್ಸಾದವರು, ಬಿ.ಪಿ. ಮಾತ್ರೆ ಬೇರೆ ತಗೊಳ್ಳುತ್ತಾರೆ, ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಹೇಳಿದರು. ಉಜ್ವಲಾ ಟ್ಯಾಕ್ಸಿಯಲ್ಲಿ ಬರುವ ಹೊತ್ತಿಗೆ ಗಂಗವ್ವನಿಗೆ ಮಾತು ಮರಳಿತ್ತು. ಬಸವಪ್ರಭು ಬಾಯಿ ತೆರೆಯುವ ಮೊದಲೇ ಅವಳು ಹೇಳಿದಳು:

“ನಂದ ತಪ್ಪವಾ. ಥಂಡಿ ಹತ್ತಿತು ಅಂತ ನಾನ ಎ.ಸಿ. ಬಂದ್ ಮಾಡಿ ಮಲಗಿದ್ನಿ.”

ಉಜ್ವಲಾ ತಾಯಿಯನ್ನು ಬೈದಳು. ಎಷ್ಟು ಸಲ ಹೇಳಿದೆ, ಇದು ನಿಮ್ಮ ಊರಲ್ಲ, ಇಲ್ಲಿನ ಬಿಸಿಲು ಕೊಲ್ಲುತ್ತದೆ ಎಂದಳು. ಗಂಗವ್ವ ತಲೆಯಾಡಿಸುತ್ತ ಎಲ್ಲ ಕೇಳಿಸಿಕೊಂಡಳು. ಆಮೇಲೆ ಉಜ್ವಲಾ ಗಂಡನ ಕೈ ಹಿಡಿದು, ನೀವು ಮನೆಯಲ್ಲಿ ಇದ್ದದ್ದು ಪುಣ್ಯ ಎಂದಳು. ಅವನು ಕೈ ಬಿಡಿಸಿಕೊಳ್ಳಲಿಲ್ಲ. ಜೇಬಿನಲ್ಲಿ ಫೋನು ಅಲುಗಿತು. ರಾಜಗೋಪಾಲ ಬರೆದಿದ್ದ: ‘ಖಲಾಸ್, ಒಪ್ಕೊಂಡೆ ಪ್ರಭುಗಳೇ. ಆದ್ರೆ ಹಗಲು ಹೊತ್ತಲ್ಲಿ ಇಷ್ಟು ನಿಶ್ಶಬ್ದ ಹೇಗೆ ಸಿಕ್ತು? ಮನೇಲಿ ಯಾರೂ ಇರ್ಲಿಲ್ವಾ?’

ಮನೆಗೆ ಬಂದ ಮೇಲೆ, ಉಜ್ವಲಾ ಗಂಜಿ ಕಾಯಿಸುತ್ತಿದ್ದಾಗ, ಹಾಗೆ ಯಾಕೆ ಹೇಳಿದಿರಿ ಎಂದು ಅತ್ತೆಯನ್ನು ಕೇಳಿದ. ಗಂಡ ಹೆಂಡಿರ ನಡುವೆ ಇಷ್ಟಕ್ಕೆ ಜಗಳ ಬೇಡ ಎಂದಳು. ಅವನ ಮುಖ ನೋಡದೆ ಸೂಜಿಗೆ ದಾರ ಪೋಣಿಸಿದಳು. ಅವನು ಸುಮ್ಮನಾದ. ಸುಮ್ಮನಿರುವುದು ಎಷ್ಟು ಸಲೀಸು ಎಂದು ಅವನಿಗೇ ಹೇಸಿಗೆಯಾಯಿತು.

ಎರಡು ದಿನ ಕಳೆದು ಉಜ್ವಲಾ ಊರಿಗೆ, ಅಣ್ಣ ರಾಯಪ್ಪನಿಗೆ ಫೋನು ಮಾಡಿದಳು. ಹಗಲಿಡೀ ಅವ್ವ ಒಬ್ಬಳೇ ಇರುತ್ತಾಳೆ, ಹೇಳಿದ ಮಾತು ಕೇಳುವುದಿಲ್ಲ, ಎ.ಸಿ. ಬಂದ್ ಮಾಡಿಕೊಂಡು ಕೂರುತ್ತಾಳೆ, ಕಳಿಸಿಬಿಡುತ್ತೇನೆ ಎಂದಳು. ಗಂಗವ್ವ ಎದುರಾಡಲಿಲ್ಲ. ಸೂಜಿ ಚುಚ್ಚಿದ ಹಾಗೆಯೇ ಕೌದಿಯನ್ನು ಮಡಚಿ ಬ್ಯಾಗಿಗೆ ಇಟ್ಟಳು. ಅರ್ಧ ಕೌದಿ. ಬಸವಪ್ರಭು ಅದನ್ನು ನೋಡಿದ. ನೋಡಿ ನೇರ ಅಡುಗೆಮನೆಗೆ ಹೋದ.

ಉಜ್ವಲಾ ರೊಟ್ಟಿ ಬಡಿಯುತ್ತಿದ್ದಳು. “ಎ.ಸಿ. ಬಂದ್ ಮಾಡಿದಾಂವ ನಾನು” ಎಂದ. ಸ್ಪೀಕರಿನ ವಿಷಯ ಪೂರ್ತಿ ಹೇಳಿದ. ಅವಳ ಕೈ ನಿಂತಿತು.

“ಒಳಗ ಕುಂತಾಕಿ ಒಂದ ಸಲಾನೂ ಕೆಮ್ಮಲಿಲ್ಲೇನು?”

“ಕೆಮ್ಮಿದ್ರು.”

“ನೀವೇನಂದ್ರಿ?”

ಅವತ್ತು ಒಂದೇ ಉಸಿರಿಗೆ ಒದರಿದ ಮಾತು ಈಗ ನಾಲಿಗೆಯಿಂದ ಹೊರಡಲಿಲ್ಲ. ಆದರೂ ಹೇಳಿದ. ಒಂದಕ್ಷರ ಬಿಡದೆ, ಹೇಗೆ ಅಂದಿದ್ದನೋ ಹಾಗೆಯೇ ಹೇಳಿದ. ಹಂಚಿನ ಮೇಲೆ ರೊಟ್ಟಿ ಸೀಯಿತು. ಉಜ್ವಲಾ ಕೂಗಾಡಲಿಲ್ಲ. ಕೂಗಾಡಿದ್ದರೆ ಅವನಿಗೂ ತಿರುಗಿ ಕೂಗಾಡಲು ಬರುತ್ತಿತ್ತು.

“ಅಣ್ಣಗ ನೀವ ಫೋನ್ ಹಚ್ರಿ. ನನಗೇನ ಹೇಳಿದ್ರಿ, ಅದನ್ನ ಹಂಗ ಹೇಳ್ರಿ” ಎಂದಳು.

ಹೇಳಿದ. ಆ ಕಡೆ ರಾಯಪ್ಪ ಪೂರ್ತಿ ಕೇಳಿಸಿಕೊಂಡ. ಕೊನೆಗೆ, ಅವ್ವಗೆ ಇರೋ ಮನಸ್ಸಿದ್ದರೆ ಇರಲಿ ಎಂದು ಫೋನು ಇಟ್ಟ. ಗಂಗವ್ವ ಅಳಿಯನ ಮೇಲೆ ಮುನಿಸಿಕೊಂಡಳು. ನಾನು ಮುಚ್ಚಿದ್ದನ್ನು ನೀವು ತೆಗೆದಿರಿ ಎಂದಳು. ಆದರೂ ಬ್ಯಾಗಿನಿಂದ ಕೌದಿ ಹೊರಗೆ ಬಂತು.

ಮುಂದಿನ ಶುಕ್ರವಾರ ಅವಳೇ ಹಾಲಿಗೆ ಬಂದು ಕೂತು, ಪಾಸಾದ ಪೆಟ್ಟಿಗೆಯಲ್ಲಿ ಒಂದು ವಚನ ಹಾಕಿರಿ ಎಂದಳು. ಎ.ಸಿ. ಗುಡುಗುತ್ತಿತ್ತು. ಅವನು ಹಾಕಿದ. ತಬಲಾ ಕೊಡದಿಂದ ಹೊರಗೆ ಬಂದಿತ್ತು. ನಡುವೆ ಅವಳ ಎದೆ ಎರಡು ಸಲ ಅಲುಗಿತು. ಕೈ ಸೆರಗಿಗೆ ಹೋಯಿತು.

“ಕೆಮ್ಮ್ರಿ ಅತ್ತಿ” ಎಂದ.

ಗಂಗವ್ವ ಸೆರಗನ್ನು ಬಾಯಿಗೆ ಒತ್ತಿ ಹಿಡಿದು ಒಲ್ಲೆನೆಂದು ತಲೆಯಲ್ಲಾಡಿಸಿದಳು. ಇನ್ನೊಂದು ಕೈಯಿಂದ ಸ್ಪೀಕರನ್ನು ತೋರಿಸಿದಳು. ಅವನು ಎದ್ದು ಹಾಡು ನಿಲ್ಲಿಸಿದ. ನಿಂತ ಮೇಲೂ ಅವಳು ಅಲ್ಲಿ ಕೆಮ್ಮಲಿಲ್ಲ. ಎದ್ದು ತನ್ನ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು ಕೆಮ್ಮಿದಳು.